ಇರುವೆಯ ಜಾಡಿ

ರಾತ್ರಿ ಒಂದೂವರೆಯ ಹೊತ್ತಿಗೆ ಅಡುಗೆಮನೆಯಲ್ಲಿ ‘ಟಿಕ್’ ಎಂದಿತು.

ಗಡಿಯಾರವಲ್ಲ. ಅದು ನಿಂತು ವಾರವಾಗಿತ್ತು. ಸೆಲ್ ತರಬೇಕೆಂದು ದಿನವೂ ಅಂದುಕೊಂಡು ದಿನವೂ ಮರೆಯುತ್ತಿದ್ದೆ. ನಲ್ಲಿಯೂ ಅಲ್ಲ. ನಲ್ಲಿ ತೊಟ್ಟಿಕ್ಕಿದರೆ ಒಂದೇ ಹನಿಗೆ ಸುಮ್ಮನಾಗುವುದಿಲ್ಲ. ಹಾಸಿಗೆಯಲ್ಲಿ ಎದ್ದು ಕೂತು ಇನ್ನೊಂದು ಸದ್ದಿಗೆ ಕಾದೆ. ಪಕ್ಕದ ಕೋಣೆಯಲ್ಲಿ ಅಕ್ಕನ ಮಗಳು ಮಗ್ಗುಲು ಬದಲಿಸಿದ್ದು ಮಾತ್ರ ಕೇಳಿಸಿತು. ಬೆಳಗಾದರೆ ಅವಳಿಗೆ ಕೊನೆಯ ಪರೀಕ್ಷೆ.

ಗ್ಯಾಸ್ ಆರಿಸಿದೆಯೇ ಎಂದು ಎರಡು ಸಲ ನೋಡಿ, ಬಾಗಿಲ ಚಿಲಕವನ್ನು ಮೂರು ಸಲ ಎಳೆದು ನೋಡಿ ಮಲಗುವವಳು ನಾನು. ಅಕ್ಕ ನನ್ನನ್ನು ‘ಗೂಬೆ’ ಎಂದೇ ಕರೆಯುತ್ತಿದ್ದಳು. “ನೀನಿರೋ ಮನೆಗೆ ಬೀಗ ಯಾಕೆ? ಕಳ್ಳ ಬಂದ್ರೆ ಪಾಪ, ಅವನ ಚಪ್ಪಲಿ ಸರಿಯಾಗಿ ಬಿಟ್ಟಿದ್ದಾನಾ ಅಂತಾನೂ ನೋಡ್ತೀಯ” ಎಂದು ನಗುತ್ತಿದ್ದಳು. ಅವಳು ಹೋಗಿ ಎರಡು ತಿಂಗಳಾಗಿತ್ತು.

ಆ ‘ಟಿಕ್’ ಯಾವುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಏಳಲು ಹೆದರಿಕೆಯಾಯಿತು.

ಪ್ರತಿವರ್ಷ ಕಿತ್ತಳೆ ಅಗ್ಗವಾದಾಗ ಅಕ್ಕ ಸಿಪ್ಪೆಯ ಜಾಮ್ ಮಾಡುತ್ತಿದ್ದಳು. ಹನ್ನೊಂದು ಜಾಡಿ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ನಮ್ಮ ದೊಡ್ಡ ಪಾತ್ರೆಯಲ್ಲಿ ಒಂದು ಸಲಕ್ಕೆ ಅಷ್ಟೇ ಹಿಡಿಯುವುದು. ಅದರಲ್ಲಿ ಎರಡು ಮನೆಗೆ: ಒಂದು ನನಗೆ, ಒಂದು ಅವಳ ಮಗಳಿಗೆ. ಉಳಿದ ಒಂಬತ್ತು ಆ ವರ್ಷ ಅವಳಿಗೆ ಒಳ್ಳೆಯದು ಮಾಡಿದವರಿಗೆ. ಬಿಸಿ ಜಾಮ್ ತುಂಬಿ ಬಿಗಿಯಾಗಿ ತಿರುಗಿಸಿದ ಮುಚ್ಚಳ, ಜಾಡಿ ಆರುತ್ತ ಬಂದಂತೆ ನಡುವೆ ಒಳಕ್ಕೆ ಕುಸಿದು ‘ಟಿಕ್’ ಎನ್ನುತ್ತದೆ. ಹಾಗೆ ಎಂದರೆ ಗಾಳಿ ಹೋಗಲು ಜಾಗವಿಲ್ಲ, ಒಂದು ವರ್ಷ ಚಿಂತೆಯಿಲ್ಲ. ದೀಪ ಆರಿಸಿ ಇಬ್ಬರೂ ಹಾಸಿಗೆಯಲ್ಲಿ ಬಿದ್ದುಕೊಂಡು ಎಣಿಸುತ್ತಿದ್ದೆವು. ಹನ್ನೊಂದು ಆಗುವವರೆಗೆ ನನಗೆ ನಿದ್ದೆಯಿಲ್ಲ.

ಅದೇ ಮುಚ್ಚಳ, ಒಳಗಿನದು ಹುಳಿತು ಉಬ್ಬಿ ಮೇಲಕ್ಕೆ ಎದ್ದಾಗಲೂ ಹಾಗೆಯೇ ಅನ್ನುತ್ತದೆ. ಎರಡು ತಿಂಗಳಿಗೂ ಹೆಚ್ಚು ಸುಮ್ಮನಿದ್ದ ಜಾಡಿ ನಡುರಾತ್ರಿ ಸದ್ದು ಮಾಡಿದರೆ ಅದಕ್ಕೆ ಬೇರೆ ಅರ್ಥವಿಲ್ಲ. ಮನೆಯಲ್ಲಿ ಉಳಿದಿದ್ದದ್ದು ಒಂದೇ ಜಾಡಿ.

ದೀಪ ಹಾಕದೆ ಹೋಗಿ, ಸ್ಟೂಲಿನ ಮೇಲೆ ಹತ್ತಿ ಮೇಲಿನ ಕಪಾಟಿನಿಂದ ಇಳಿಸಿದೆ. ಮುಚ್ಚಳದ ಮೇಲೆ ಬೆರಳಿಟ್ಟು ಒತ್ತಿದೆ. ಕೆಳಗಿಳಿಯಿತು, ಮೇಲೆ ಬಂತು. ಆಮೇಲೆ ದೀಪ ಹಾಕಿದೆ. ಜಾಮಿನ ಮೇಲ್ಭಾಗದಲ್ಲಿ ಸಣ್ಣ ಸಣ್ಣ ಗುಳ್ಳೆ. ಜಾಡಿಯ ಹೊಟ್ಟೆಗೆ ಅಂಟಿಸಿದ ಚೀಟಿಯಲ್ಲಿ ಅಕ್ಕನ ಅಕ್ಷರ: ‘ಇರುವೆಗೆ. ಪರೀಕ್ಷೆ ಮುಗಿದ ಮೇಲೆ. ಅದಕ್ಕೆ ಮೊದಲು ಮುಟ್ಟಿದರೆ ಬೆರಳು ಇರುವುದಿಲ್ಲ.’

ಇರುವೆ ಎಂದರೆ ಮಗಳು. ಮೂರು ವರ್ಷದವಳಿದ್ದಾಗಲೇ ಸಕ್ಕರೆ ಡಬ್ಬಿಯನ್ನು ಎಲ್ಲಿ ಬಚ್ಚಿಟ್ಟರೂ ಹುಡುಕಿ ತೆಗೆಯುತ್ತಿದ್ದಳು. ಅವಳಪ್ಪ ಅವಳು ನಡೆಯಲು ಕಲಿಯುವ ಮೊದಲೇ ಮನೆಯಿಂದ ನಡೆದುಹೋಗಿದ್ದ. ಮೂವರು ಹೆಂಗಸರು, ಮೂರನೆಯ ಮಹಡಿಯ ಎರಡು ಕೋಣೆ. ಈಗ ಇಬ್ಬರು. ಅಕ್ಕ ಹೋದ ಮೇಲೆ ಹುಡುಗಿ ದಿನವೂ ಪುಸ್ತಕ ಮುಚ್ಚಿ ಬಂದು ಕಪಾಟಿನ ಕೆಳಗೆ ನಿಂತು ಆ ಜಾಡಿಯನ್ನು ಕತ್ತೆತ್ತಿ ನೋಡುತ್ತಿದ್ದಳು. ಮುಟ್ಟುತ್ತಿರಲಿಲ್ಲ. “ಇನ್ನು ಆರು ಪೇಪರ್” ಅನ್ನುತ್ತಿದ್ದಳು. “ಇನ್ನು ನಾಲ್ಕು.” ಓದಿನ ಮೇಲೆ ಮನಸ್ಸು ನಿಲ್ಲದ ಆ ದಿನಗಳಲ್ಲಿ ಅವಳನ್ನು ಮೇಜಿನ ಮುಂದೆ ಕೂರಿಸಿದ್ದು ನಾನಲ್ಲ, ಆ ಜಾಡಿ.

ಅದು ಯಾಕೆ ಕೆಟ್ಟಿತು ಎಂಬುದು ನನಗೊಬ್ಬಳಿಗೇ ಗೊತ್ತು.

ಈ ಸಲ ಅಕ್ಕನಿಗೆ ಹೆಚ್ಚು ಹೊತ್ತು ನಿಲ್ಲಲು ಆಗುತ್ತಿರಲಿಲ್ಲ. ಕುರ್ಚಿಯಲ್ಲಿ ಕೂತು ಸಿಪ್ಪೆಯನ್ನು ನೂಲಿನಂತೆ ಹೆಚ್ಚಿದಳು. ಪಾತ್ರೆಯ ಮುಂದೆ ನಿಂತು ಕೈಯಾಡಿಸಿದವಳು ನಾನು. ತಣ್ಣನೆಯ ತಟ್ಟೆಯ ಮೇಲೆ ಒಂದು ತೊಟ್ಟು ಬಿಟ್ಟು ಅವಳ ಮುಂದೆ ಹಿಡಿದರೆ, ಬೆರಳಿನಿಂದ ತಳ್ಳಿ, ಸುಕ್ಕುಗಟ್ಟಿತೇ ಎಂದು ನೋಡಿ “ಇನ್ನೈದು ನಿಮಿಷ” ಅನ್ನುತ್ತಿದ್ದಳು. ಔಷಧಿಯ ದೆಸೆಯಿಂದ ಅವಳ ನಾಲಿಗೆಗೆ ಒಂದೂವರೆ ತಿಂಗಳಿಂದ ಯಾವ ರುಚಿಯೂ ಇರಲಿಲ್ಲ. “ಅನ್ನ ತಿಂದ್ರೂ ತಗಡು ನೆಕ್ಕಿದ ಹಾಗೆ” ಎಂದು ತಟ್ಟೆ ಸರಿಸುತ್ತಿದ್ದಳು. ಹತ್ತು ಜಾಡಿ ನಾನು ತುಂಬಿದೆ. ಹನ್ನೊಂದನೆಯದನ್ನು ಮಾತ್ರ ಅವಳು ಬಿಡಲಿಲ್ಲ. “ಕೊಡು ಇಲ್ಲಿ. ನನ್ ಮಗಳದ್ದು ನಾನೇ ತುಂಬ್ತೀನಿ.” ನಡುಗುವ ಕೈಯಲ್ಲಿ ಸೌಟು ಹಿಡಿದು, ನನ್ನ ಕಡೆ ಬೆನ್ನು ತಿರುಗಿಸಿ, ಬಹಳ ಹೊತ್ತು ತೆಗೆದುಕೊಂಡಳು. ಮುಚ್ಚಳ ಕೈಜಾರಿ ನೆಲಕ್ಕೆ ಬಿತ್ತು. ಅದನ್ನು ಮತ್ತೆ ಕುದಿಸಲು ಹಾಕಿದೆ. ಅಷ್ಟರಲ್ಲಿ ಜಾಮ್ ಆರುತ್ತ ಬಂತು.

ನಾನು ತಿರುಗಿದಾಗ ಅಕ್ಕನ ಬಾಯಲ್ಲಿ ಚಮಚ ಇತ್ತು.

“ಲೇ ಗೂಬೆ,” ಅಂದಳು. “ಸಿಹಿ ಗೊತ್ತಾಗ್ತಿದೆ ಕಣೇ.”

ಅದೇ ಚಮಚವನ್ನು ಜಾಡಿಗೆ ಅದ್ದಿ ಇನ್ನೊಂದು ಸಲ ಬಾಯಿಗಿಟ್ಟಳು. ಕಣ್ಣು ಮುಚ್ಚಿಕೊಂಡಳು. “ಕಹೀನೂ ಇದೆ. ಹಿಂದ್ಗಡೆ ಕಹಿ. ಅಯ್ಯೋ, ನಿಂಬೆ ಸ್ವಲ್ಪ ಜಾಸ್ತಿಯಾಯ್ತು.” ಮತ್ತೆ ಅದ್ದಿದಳು.

ನಮ್ಮ ಮನೆಯಲ್ಲಿ ಬಾಯಿಗೆ ಹೋದ ಚಮಚ ನೇರ ಸಿಂಕಿಗೆ ಹೋಗಬೇಕು. ಆ ಕಾನೂನು ಮಾಡಿದವಳೇ ಅವಳು. ಎಂಜಲು ತಾಕಿದರೆ ಇಡೀ ಜಾಡಿ ಹೋಯಿತು ಎಂದು ಹತ್ತು ವರ್ಷದಿಂದ ಹೇಳುತ್ತ ಬಂದವಳು. ಮೂರು ಸಲ ಅದ್ದಿದ್ದನ್ನು ನಾನು ನೋಡಿದೆ. ಊರಲ್ಲಿ ಯಾರು ಏನು ಮುಟ್ಟಿದರೂ ಕಾಣುವ ನನ್ನ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ? ಜಾಮನ್ನು ಮತ್ತೆ ಪಾತ್ರೆಗೆ ಸುರಿದು ಕುದಿಸಬಹುದಿತ್ತು. ಆದರೆ ಹಾಗೆ ಮಾಡಬೇಕಾದರೆ ಯಾಕೆಂದು ಹೇಳಬೇಕಿತ್ತು. ಅವಳ ಮುಖ ನೋಡಿ ನನ್ನಿಂದ ಆಗಲಿಲ್ಲ. ಮುಚ್ಚಳ ಒರೆಸಿ ತಿರುಗಿಸಿದೆ. ಆ ರಾತ್ರಿ ಹನ್ನೊಂದನೆಯ ‘ಟಿಕ್’ ಬರುವಷ್ಟರಲ್ಲಿ ಗಂಟೆ ಹನ್ನೆರಡು ದಾಟಿತ್ತು. “ಬಂತು ನೋಡು, ಸೋಮಾರಿ” ಎಂದು ಅಕ್ಕ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು, ಇನ್ನೇನೂ ಆಗುವುದಿಲ್ಲ ಎಂದು ನನಗೇ ಹೇಳಿಕೊಂಡೆ.

ಈಗ ಅದೇ ಮುಚ್ಚಳವನ್ನು ತಿರುಗಿಸಿ ತೆಗೆದೆ. ‘ಸ್’ ಎಂದು ಗಾಳಿ ಹೊರಬಂತು, ಹಿಂದೆಯೇ ಹುಳಿಹೆಂಡದಂಥ ವಾಸನೆ. ಇದನ್ನು ಹುಡುಗಿಗೆ ಕೊಡುವಂತಿಲ್ಲ. ಕುದಿಯುವ ನೀರಿನ ಹಬೆ ಹಿಡಿದು ಚೀಟಿಯನ್ನು ಅಂಚು ಹರಿಯದಂತೆ ಬಿಡಿಸಿ ಪುಸ್ತಕದ ನಡುವೆ ಇಟ್ಟೆ. ಜಾಮನ್ನು ಹಳೆಯ ಪೇಪರಿನ ಮೇಲೆ ಸುರಿಯುವಾಗ ಸಿಪ್ಪೆಯ ಒಂದು ಉದ್ದನೆಯ ಎಳೆ ಕಣ್ಣಿಗೆ ಬಿತ್ತು. ಬೇರೆಯವೆಲ್ಲ ನೂಲಿನಂತೆ ನೇರ. ಇದು ಮಾತ್ರ ದಪ್ಪ, ನಡುವೆ ಗಂಟುಬಿದ್ದಿತ್ತು. ಪಾಪ, ಕೈ ನಡುಗಿ ಹೆಚ್ಚಲು ಆಗಿಲ್ಲ ಎಂದುಕೊಂಡೆ. ಸುತ್ತಿ, ಕವರಿಗೆ ಹಾಕಿ, ಕಸದ ಬುಟ್ಟಿಯ ತಳದಲ್ಲಿಟ್ಟೆ. ಬೆಳಿಗ್ಗೆ ಏಳಕ್ಕೆ ಕಸದ ಗಾಡಿ ಬಂತು, ಹೋಯಿತು.

ಹುಡುಗಿ ಎಂಟಕ್ಕೆ ಹೊರಟಳು. ಚಪ್ಪಲಿ ಹಾಕಿಕೊಳ್ಳುತ್ತ, “ಚಿಕ್ಕಿ, ಬಂದ ತಕ್ಷಣ ತೆಗೀತೀನಿ. ನೀನು ಮುಟ್ಬೇಡ. ಬೆರಳು ಇರಲ್ಲ” ಅಂದಳು.

“ಹೋಗೇ, ಪೆನ್ ತಗೊಂಡಿದ್ದೀಯಾ ನೋಡು.”

ಕಪಾಟಿನ ಕಡೆ ಅವಳು ಕತ್ತೆತ್ತದಂತೆ ನಾನು ಬಾಗಿಲಲ್ಲಿ ಅಡ್ಡ ನಿಂತಿದ್ದೆ. ಪ್ರೆಸ್ಸಿಗೆ ಫೋನ್ ಮಾಡಿ, ಕರಡು ತಿದ್ದಲು ಮಧ್ಯಾಹ್ನದ ಮೇಲೆ ಬರುತ್ತೇನೆಂದು ಹೇಳಿದೆ.

ಅದರ ಜಾಗದಲ್ಲಿಡಲು ನನ್ನ ಪಾಲಿನ ಜಾಡಿ ಇದ್ದಿದ್ದರೆ ಸಾಕಿತ್ತು. ಅಕ್ಕ ತೀರಿಕೊಂಡ ವಾರದ ರಾತ್ರಿಗಳಲ್ಲಿ ಅಡುಗೆಮನೆಯಲ್ಲಿ ನಿಂತುಕೊಂಡೇ ಅದನ್ನು ಮುಗಿಸಿದ್ದೆ. ಅಕ್ಕ ಜಾಮ್ ಕೊಟ್ಟಿದ್ದ ಔಷಧಿ ಅಂಗಡಿಯವರು ತಮ್ಮದನ್ನು ಖಾಲಿ ಮಾಡಿ, ತೊಳೆದು, ಜಾಡಿ ವಾಪಸ್ ಕೊಟ್ಟು ಹೋಗಿದ್ದರು. ನೆನಪಿಗೆ ಬಂದವಳು ಕೆಳಗಿನ ಟೈಲರಮ್ಮ. ಒಂದು ತುತ್ತು ತಿನ್ನಲು ನೂರು ಸಲ ಯೋಚಿಸುವ ಹೆಂಗಸು.

ಅಂಗಡಿಯಲ್ಲಿ ಅವಳು ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಅಂಗಿಯ ತೋಳು ಮಡಿಸುತ್ತಿದ್ದಳು.

“ಟೈಲರಮ್ಮ, ಅಕ್ಕ ಕೊಟ್ಟ ಜಾಮ್ ಇನ್ನೂ ಇದೆಯಾ?”

ಹೂಂ ಎಂದು ತಲೆಯಾಡಿಸಿದಳು.

“ತೆಗೆದಿದ್ದೀರಾ?”

ಇಲ್ಲ ಎಂದು ತಲೆಯಾಡಿಸಿದಳು.

“ಅದು ನನಗೆ ವಾಪಸ್ ಬೇಕಿತ್ತು.”

ಟೈಲರಮ್ಮ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ದಿಂಬಿಗೆ ಚುಚ್ಚಿದಳು. ಐದು ಸೂಜಿ. ನನಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

“ಕೊಟ್ಟಿದ್ದನ್ನ ವಾಪಸ್ ಕೇಳೋರನ್ನ ಇವತ್ತೇ ನೋಡಿದ್ದು ನಾನು. ನೀನು ಹಾಕ್ಕೊಂಡಿರೋ ಅಂಗಿ ನಾನೇ ಹೊಲಿದಿದ್ದು. ಬಿಚ್ಚಿಕೊಡು ಅಂತೀನಿ, ಕೊಡ್ತೀಯಾ?”

“ಟೈಲರಮ್ಮ...”

“ಬಿಚ್ಬೇಡ ಬಿಡು, ಬೀದಿ ಜನ ಹೆದರ್ತಾರೆ.” ನಗಲಿಲ್ಲ. “ಯಾಕೆ ಬೇಕು?”

“ಹೇಳಕ್ಕಾಗಲ್ಲ.”

“ನಿನ್ನಕ್ಕ ಅದನ್ನ ಕೊಡೋಕೆ ಈ ಮೆಟ್ಟಿಲು ಇಳಿದು ಬಂದಿದ್ಲು. ಗೊತ್ತಾ ನಿಂಗೆ? ಮೂರು ಮಹಡಿ. ಆ ಸ್ಥಿತೀಲಿ. ಯಾಕಮ್ಮ, ಹುಡುಗಿ ಕೈಲಿ ಕಳಿಸಬಾರದಿತ್ತಾ ಅಂದ್ರೆ, ಅವಳ ಕೈಲಿ ಕೊಟ್ರೆ ನಿಂಗೆ ಬರೀ ಮುಚ್ಚಳ ಸಿಗುತ್ತೆ ಅಂದ್ಲು.”

ನನಗೆ ಗೊತ್ತಿರಲಿಲ್ಲ. ಆ ಮಧ್ಯಾಹ್ನ ನಾನು ಪ್ರೆಸ್ಸಿನಲ್ಲಿದ್ದಿರಬೇಕು.

ಟೈಲರಮ್ಮ ಬಟ್ಟೆಯ ಕಟ್ಟುಗಳ ಹಿಂದೆ ಕೈ ಹಾಕಿ ಜಾಡಿ ತೆಗೆದಳು. ಧೂಳು ಕೂರದಂತೆ ಅದಕ್ಕೆ ಚೂರುಬಟ್ಟೆಯ ಟೋಪಿ ಹೊಲಿದಿದ್ದಳು. “ಮೂರ್ನಾಲ್ಕು ಸಲ ತೆಗೆಯೋಕೆ ಹೋದೆ. ತೆಗೆದ್ರೆ ಮುಗಿದುಹೋಗುತ್ತಲ್ಲ ಅಂತ ಬಿಟ್ಟೆ. ಹಿಡಿ. ಆದರೆ ಖಾಲಿಯಾದ ಮೇಲೆ ಜಾಡಿ ನಂಗೆ ತಂದುಕೊಡು. ಅದಾದ್ರೂ ಇರಲಿ.”

ಮುಚ್ಚಳದ ನಡುವೆ ಒತ್ತಿದೆ. ಕಲ್ಲಿನಂತೆ ಗಟ್ಟಿ.

“ಏನು, ಪರೀಕ್ಷೆ ಮಾಡ್ತಿದ್ದೀಯಾ?” ಎಂದಳು. ಬಟ್ಟೆಯ ಟೋಪಿಯನ್ನು ಬಿಚ್ಚಿ ತಾನೇ ಇಟ್ಟುಕೊಂಡಳು.

ಮನೆಗೆ ಬಂದು ಟೈಲರಮ್ಮನ ಹೆಸರಿದ್ದ ಚೀಟಿ ಕಿತ್ತು, ಆ ಜಾಗಕ್ಕೆ ಸರಿಯಾಗಿ ‘ಇರುವೆಗೆ’ ಅಂಟಿಸಿದೆ. ಹಿಂದಿನ ಅಂಟಿನ ಗೆರೆ ಕಾಣದಂತೆ ಒದ್ದೆ ಬಟ್ಟೆಯಿಂದ ಉಜ್ಜಿದೆ. ಕಪಾಟಿನಲ್ಲಿ ಮೊದಲಿದ್ದ ಹಾಗೆಯೇ, ಚೀಟಿ ತುಸು ಎಡಕ್ಕೆ ತಿರುಗಿರುವಂತೆ ಇಟ್ಟೆ. ಪ್ರೆಸ್ಸಿಗೆ ಹೋಗಲೇ ಇಲ್ಲ.

ಒಂದೂವರೆಗೆ ಹುಡುಗಿ ಬಂದಳು. ಬ್ಯಾಗ್ ಬಾಗಿಲಲ್ಲೇ ಬಿತ್ತು.

“ಹೇಗಿತ್ತೇ?”

“ಆಮೇಲೆ ಹೇಳ್ತೀನಿ.” ಕೈ ತೊಳೆದು, ಒರೆಸಿ, ಸ್ಟೂಲ್ ಎಳೆದು ಹತ್ತಿದಳು. ಮೇಜಿನ ಮೇಲೆ ಜಾಡಿ ಇಟ್ಟು ಚೀಟಿಯನ್ನು ಇನ್ನೊಂದು ಸಲ ಓದಿದಳು. ಮುಚ್ಚಳ ‘ಟಪ್’ ಎಂದಿತು. ಕಿತ್ತಳೆಯ ವಾಸನೆ, ಒಳ್ಳೆಯ ವಾಸನೆ.

ಅವಳು ತಿನ್ನಲಿಲ್ಲ. ಜಾಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದಳು. ಒಣ ಚಮಚದಿಂದ ಅಂಚಿನಲ್ಲಿ ಕೆದಕಿದಳು. ಒಂದು ಬಟ್ಟಲು ತಂದು ಸ್ವಲ್ಪ ಸ್ವಲ್ಪವೇ ಅದಕ್ಕೆ ಹಾಕುತ್ತ ಹೋದಳು.

“ಏನೇ ಹುಡುಕ್ತಿದ್ದೀಯ?”

“ಗಂಟು.”

“ಯಾವ ಗಂಟು?”

“ನಿಂಗೆ ಗೊತ್ತಿಲ್ಲ. ನಂಗೂ ಅಮ್ಮಂಗೂ ಮಾತ್ರ. ನನ್ನ ಜಾಡೀಲಿ ಒಂದು ಸಿಪ್ಪೆ ಗಂಟು ಹಾಕಿ ಹಾಕ್ತಾಳೆ. ಅದು ಸಿಗೋವರೆಗೂ ದಿನಕ್ಕೆ ಒಂದೇ ಚಮಚ. ಸಿಕ್ಕಿದ ದಿನ ಏನು ಕೇಳಿದ್ರೂ ಇಲ್ಲ ಅನ್ನಲ್ಲ. ಇವತ್ತು ಕಾಯೋಕಾಗಲ್ಲ ಚಿಕ್ಕಿ. ಅವಳ ಕೈಗಂಟು ಒಂದ್ಸಲ ನೋಡ್ಬೇಕು.”

ಜಾಡಿಯ ತಳ ಕಂಡಿತು. ಬಟ್ಟಲಿನಲ್ಲಿ ಇದ್ದವೆಲ್ಲ ನೇರ ಎಳೆಗಳು. ಅವಳು ಒಂದೊಂದನ್ನೂ ಸರಿಸಿ ನೋಡಿದಳು, ಎರಡನೆಯ ಸಲವೂ ನೋಡಿದಳು.

“ಮರೆತುಬಿಟ್ಟಿದ್ದಾಳೆ,” ಅಂದಳು.

ಕೈ ನಡುಗುತ್ತಿದ್ದ ಅಕ್ಕ, ನನ್ನ ಕಡೆ ಬೆನ್ನು ಹಾಕಿ ಅಷ್ಟು ಹೊತ್ತು ಕೂತಿದ್ದು ಅದಕ್ಕೆ. ನೆನಪಿಟ್ಟು ದಪ್ಪನೆಯ ಎಳೆ ಆರಿಸಿ, ಆ ಬೆರಳುಗಳಲ್ಲಿ ಗಂಟು ಹಾಕಿದ್ದಳು. ಅದನ್ನು ನಾನು ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದ್ದೆ.

ಮರೆತಿಲ್ಲ ಕಣೇ. ಮಾತು ನಾಲಿಗೆಯ ಮೇಲೆ ಬಂದು ಕೂತಿತ್ತು. ಆದರೆ ಅದನ್ನು ಹೇಳಿದರೆ ಆ ಜಾಡಿ ಯಾಕೆ ಕೆಟ್ಟಿತೆಂದೂ ಹೇಳಬೇಕಿತ್ತು.

“ಇರಲಿ ಬಿಡು,” ಎಂದಳು ಹುಡುಗಿ, ಮೂಗು ಒರೆಸಿಕೊಂಡು. “ಆಗ ಅವಳಿಗೆ ಎಷ್ಟು ಸುಸ್ತಿತ್ತು.” ಬಟ್ಟಲಿನದನ್ನು ಜಾಡಿಗೆ ಮರಳಿ ತುಂಬಿದಳು, ಮೇಲಿನಿಂದ ಒಂದು ಚಮಚ ತೆಗೆದು ನನ್ನ ಬಾಯಿಗಿಟ್ಟಳು. “ನೀನು ಮೊದ್ಲು.”

ಸಿಹಿ. ಹಿಂದೆ ಕಹಿ. ನಿಂಬೆ ಸ್ವಲ್ಪ ಜಾಸ್ತಿ. ಚಮಚ ನನ್ನ ಕೈಯಲ್ಲೇ ಉಳಿದಿತ್ತು. ಅವಳಿಗೂ ತಿನ್ನಿಸಬೇಕೆಂದು, ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ, ಅದನ್ನು ಜಾಡಿಯ ಕಡೆ ಒಯ್ದೆ.

ಹುಡುಗಿ ಗಪ್ಪನೆ ನನ್ನ ಮಣಿಕಟ್ಟು ಹಿಡಿದಳು.

“ಚಿಕ್ಕೀ! ಎಂಜಲು ಚಮಚ!” ನಕ್ಕುಬಿಟ್ಟಳು. ಎರಡು ತಿಂಗಳಲ್ಲಿ ಮೊದಲ ಸಲ, ಹಲ್ಲು ಕಾಣುವಂತೆ. “ನೀನಾ ಹೀಗೆ ಮಾಡೋದು! ಅಮ್ಮ ಇದ್ದಿದ್ರೆ ಚರ್ಮ ಸುಲೀತಿದ್ಲು. ಅವಳು ಯಾವತ್ತಾದ್ರೂ ಹಾಗೆ ಮಾಡಿದ್ದು ನೋಡಿದ್ದೀಯಾ ನೀನು?”

ನನ್ನನ್ನೇ ನೋಡುತ್ತ, ಉತ್ತರಕ್ಕೆ ಕಾದಳು.

“ಇಲ್ಲ,” ಎಂದೆ. “ಯಾವತ್ತೂ ಇಲ್ಲ.”

ಅವಳು ಬೇರೆ ಚಮಚ ತಂದು, ಅದು ಒಣಗಿದೆಯೇ ಎಂದು ಲಂಗದ ಅಂಚಿಗೆ ಒರೆಸಿ ನೋಡಿ, ತಿನ್ನಲು ಕೂತಳು. ಎಷ್ಟನೆಯದೋ ಚಮಚಕ್ಕೆ ಅಳು ಬಂತು, ಅಳುತ್ತಲೇ ತಿಂದಳು. ನನ್ನ ಚಮಚವನ್ನು ನಾನು ಸಿಂಕಿಗೆ ಒಯ್ದು ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ನಾಳೆ ನಾಡಿದ್ದು ಜಾಡಿ ಖಾಲಿಯಾದಾಗ ಟೈಲರಮ್ಮನಿಗೆ ಕೊಡಬೇಕು. ಅವಳು ಮತ್ತೆ ಯಾಕೆ ಎಂದು ಕೇಳಬಹುದು. ಕೇಳಿದರೂ ಅವಳಿಗೆ ಹೇಳುವುದಿಲ್ಲ. ಈ ಹುಡುಗಿಗೆ ನಾಳೆ ಮಕ್ಕಳಾಗಿ, ಅವರ ಜಾಡಿಗೆ ಇವಳು ಗಂಟು ಹಾಕಿದರೂ ಹೇಳುವುದಿಲ್ಲ. ಯಾರಿಗೂ ಇಲ್ಲ. ನಲ್ಲಿ ನಿಲ್ಲಿಸಿ, ಚಮಚ ಒರೆಸಿ, ಮಗುಚಿ ಇಟ್ಟೆ.