ಪುಸ್ತಕ ಮುಚ್ಚಿದ ಮೇಲೆ

ಓಡೆನ್ಸ್ ಪಟ್ಟಣದ ನರ್ಸಿಂಗ್ ಕಾಲೇಜಿನಲ್ಲಿ ಹೊಸಬರನ್ನೆಲ್ಲ ನಾಲ್ಕು ನಾಲ್ಕು ಜನರ ಓದುಗುಂಪುಗಳಾಗಿ ಹಂಚಿದ್ದರು. ಅಲ್ಬೆರ್ಟೆಯ ಗುಂಪಿನಲ್ಲಿದ್ದ ಇಬ್ಬರು ಹುಡುಗಿಯರು ಹತ್ತೇ ದಿನಕ್ಕೆ ಹಳೆಯ ಗೆಳತಿಯರ ಗುಂಪಿಗೆ ಹೋಗಿ ಸೇರಿಕೊಂಡರು. ಉಳಿದವರು ಅವಳು ಮತ್ತು ಪ್ರೆಬೆನ್, ಇಬ್ಬರೇ.

ಅಲ್ಬೆರ್ಟೆಗೆ ಇಪ್ಪತ್ತು ವರ್ಷ. ಪ್ರೆಬೆನ್‌ಗೆ ನಲವತ್ತೇಳು. ಇಪ್ಪತ್ತೆರಡು ವರ್ಷ ಅದೇ ಊರಿನಲ್ಲಿ ಸಿಟಿ ಬಸ್ ಓಡಿಸಿದ್ದ ಮನುಷ್ಯ. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಮುದುಕರೊಬ್ಬರು ಕುಸಿದುಬಿದ್ದಾಗ ಏನು ಮಾಡಬೇಕೆಂದು ತೋಚದೆ ನಿಂತಿದ್ದನಂತೆ. ಪ್ರಯಾಣಿಕರ ನಡುವೆ ಇದ್ದ ನರ್ಸೊಬ್ಬಳು ಮಂಡಿಯೂರಿ ಅವರನ್ನು ಬದುಕಿಸಿದಳು. ಆ ವರ್ಷವೇ ಆತ ಕಾಲೇಜಿಗೆ ಅರ್ಜಿ ಹಾಕಿದ್ದ.

ಕತೆ ಚೆನ್ನಾಗಿದೆ ಅನ್ನಿಸಿದರೂ ಅಲ್ಬೆರ್ಟೆಗೆ ಒಳಗೊಳಗೇ ಕಿರಿಕಿರಿ. ಅವಳು ಲಾಂಗೆಲಾಂಡ್ ದ್ವೀಪದ ಶಾಲೆಯಲ್ಲಿ ಎಲ್ಲ ವಿಷಯಕ್ಕೂ ಹನ್ನೆರಡು ತೆಗೆದುಕೊಂಡು ಬಂದವಳು. ಆ ದೇಶದ ದೊಡ್ಡ ಪರೀಕ್ಷೆಗಳಲ್ಲಿ ಹನ್ನೆರಡರ ಮೇಲೆ ಅಂಕವೇ ಇಲ್ಲ. ಅವಳ ಓದಿಗೆ ಒಂದು ಕ್ರಮವಿತ್ತು. ಪಾಠವನ್ನು ಮೂರು ಸಲ ಓದಬೇಕು, ಐದು ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯಬೇಕು, ಆಮೇಲೆ ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಬೇಕು. ಪ್ರೆಬೆನ್ ಹಾಗಲ್ಲ. ಎರಡು ಪುಟ ಓದುತ್ತಿದ್ದ, ಅದೂ ತುಟಿ ಅಲ್ಲಾಡಿಸುತ್ತ, ನಿಧಾನವಾಗಿ. ಆಮೇಲೆ ಪುಸ್ತಕ ಮುಚ್ಚಿ, ಛಾವಣಿ ನೋಡುತ್ತ ಕೂತು, ಹಳೆಯ ಕಾಗದದ ಹಿಂಬದಿಯಲ್ಲಿ ಏನೇನೋ ಗೀಚುತ್ತಿದ್ದ. ಮತ್ತೆ ಪುಸ್ತಕ ತೆಗೆದು, ತಪ್ಪಾಗಿದ್ದಕ್ಕೆ ಸುತ್ತು ಹಾಕುತ್ತಿದ್ದ. ಅವಳು ಇಪ್ಪತ್ತು ಪುಟ ಮುಗಿಸುವಾಗ ಆತ ಆರರಲ್ಲಿರುತ್ತಿದ್ದ. ಹೀಗೇ ಆದರೆ ಕ್ರಿಸ್‌ಮಸ್ ಬಂದರೂ ಪುಸ್ತಕ ಮುಗಿಯುವುದಿಲ್ಲ ಎಂದು ಒಮ್ಮೆ ಅವಳು ಹೇಳಿಯೂ ಬಿಟ್ಟಳು. ಆತ ಬೇಜಾರು ಮಾಡಿಕೊಳ್ಳಲಿಲ್ಲ.

ಅಕ್ಟೋಬರಿನ ರಜೆ ಮುಗಿದ ಕೂಡಲೇ ಶರೀರಶಾಸ್ತ್ರದ ಟೀಚರ್ ಬೋಡಿಲ್ ಒಂದು ಅಭ್ಯಾಸ ಪರೀಕ್ಷೆ ಇಟ್ಟರು. ಎಲ್ಲರಿಗೂ ಖಾಲಿ ಹಾಳೆ ಕೊಟ್ಟು, ರಕ್ತ ಹೃದಯದೊಳಗೆ ಸಾಗುವ ದಾರಿಯನ್ನು ಬರೆದು ಹೆಸರು ಗುರುತಿಸಲು ಹೇಳಿದರು. ಅಲ್ಬೆರ್ಟೆಗೆ ಆ ಪುಟ ಕಣ್ಣಿಗೆ ಕಟ್ಟಿದಂತಿತ್ತು. ಎಡಗಡೆ ಪುಟ, ಕೆಳಗಡೆ, ಹಸಿರು ಗೆರೆ. ಗೆರೆ ಕಾಣುತ್ತಿತ್ತು, ಗೆರೆಯ ಮೇಲಿನ ಮಾತು ಕಾಣುತ್ತಿರಲಿಲ್ಲ. ನಲವತ್ತಕ್ಕೆ ಅವಳಿಗೆ ಒಂಬತ್ತು ಬಂತು. ಪ್ರೆಬೆನ್‌ಗೆ ಇಪ್ಪತ್ತಾರು.

ಮಧ್ಯಾಹ್ನ ಆತ ಸೈಕಲ್ ತೆಗೆಯಲು ಹೋದಾಗ ಅವಳು ಸೈಕಲ್ ನಿಲ್ದಾಣದ ಮೂಲೆಯಲ್ಲಿ ಬೆನ್ನು ತಿರುಗಿಸಿ ಅಳುತ್ತಿದ್ದಳು. ಸಮಾಧಾನದ ಮಾತೇನೂ ಆಡದೆ, ಕಾಫಿ ಕುಡಿಯೋಣ ಬಾ ಎಂದು ಕ್ಯಾಂಟೀನಿಗೆ ಕರೆದುಕೊಂಡು ಹೋದ. ತಾನು ನರ್ಸ್ ಆಗಲು ಲಾಯಕ್ಕಿಲ್ಲ, ಊರಿಗೆ ವಾಪಸ್ ಹೋಗುತ್ತೇನೆ ಎಂದು ಅವಳು ಹೇಳುವಷ್ಟು ಹೇಳಲಿ ಎಂದು ಬಿಟ್ಟ.

"ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ," ಎಂದ ಆಮೇಲೆ, "ಎರಡು ವಾರ ಹಳೇ ಡ್ರೈವರ್ ಪಕ್ಕ ಕೂತು ದಾರಿ ನೋಡ್ದೆ. ಒಂದೊಂದು ತಿರುವೂ ಗೊತ್ತು ಅಂದ್ಕೊಂಡಿದ್ದೆ. ಮೂರನೇ ವಾರ ಸ್ಟೇರಿಂಗ್ ನನ್ನ ಕೈಗೆ ಬಂತು. ಮೂವತ್ತು ಜನ ಇದ್ದ ಬಸ್ಸನ್ನ ಸೀದಾ ತಗೊಂಡೋಗಿ ಒಂದು ಶಾಲೆ ಅಂಗಳಕ್ಕೆ ನುಗ್ಗಿಸ್ದೆ."

ಅಲ್ಬೆರ್ಟೆ ಅಳುತ್ತಲೇ ನಕ್ಕಳು. "ಆಮೇಲೆ?"

"ಆಮೇಲೇನು, ಹಿಂದಕ್ಕೆ ತೆಗೆಯೋಕೆ ಕಾಲು ಗಂಟೆ ಆಯ್ತು. ಮಕ್ಕಳೆಲ್ಲ ಕಿಟಕೀಲಿ ನಿಂತು ಚಪ್ಪಾಳೆ ಹೊಡೀತಿದ್ರು. ಮನೆಗೆ ಹೋಗಿ ಕಣ್ಣು ಮುಚ್ಕೊಂಡು ಒಂದೊಂದೇ ಸ್ಟಾಪ್ ಹೇಳೋಕೆ ಶುರು ಮಾಡ್ದೆ. ಆರನೇದಕ್ಕೆ ನಿಂತೋಯ್ತು. ನಂಗೆ ಎಲ್ಲಿಂದ ಮುಂದಕ್ಕೆ ಗೊತ್ತಿಲ್ಲ ಅನ್ನೋದು ಅವತ್ತು ಗೊತ್ತಾಯ್ತು ನೋಡು."

ಮರುದಿನ ಅವಳೂ ಆತನ ಹಾಗೆ ಮಾಡಿ ನೋಡಿದಳು. ಶ್ವಾಸಕೋಶದ ಎರಡು ಪುಟ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆ ಎಳೆದುಕೊಂಡಳು. ಮೂರೂವರೆ ಸಾಲು ಬಂತು. ಸಿಟ್ಟಿನಿಂದ ಪೆನ್ನು ಮೇಜಿನ ಮೇಲೆ ಕುಕ್ಕಿದಳು.

"ಓದುವಾಗ ಎಲ್ಲ ಗೊತ್ತಿತ್ತು, ಪ್ರೆಬೆನ್. ನಿಜವಾಗ್ಲೂ ಗೊತ್ತಿತ್ತು."

"ಪುಸ್ತಕಕ್ಕೆ ಗೊತ್ತಿತ್ತು ಕಣಮ್ಮ, ನಿಂಗಲ್ಲ. ಇನ್ನೊಂದ್ಸಲ ಓದು."

ಮುಂದಿನ ಎರಡು ವಾರ ಅವಳಿಗೆ ಕಷ್ಟವೇ ಆಯಿತು. ದಿನಕ್ಕೆ ಆರೇಳು ಪುಟಕ್ಕಿಂತ ಮುಂದೆ ಹೋಗಲಾಗುತ್ತಿರಲಿಲ್ಲ, ತಾನು ದಡ್ಡಿ ಅನ್ನಿಸುತ್ತಿತ್ತು. ಬೋಡಿಲ್ ಹತ್ತಿರ ಹೋಗಿ ಹೇಳಿಕೊಂಡಾಗ ಅವರು, ಕಷ್ಟ ಅನ್ನಿಸುತ್ತಿದ್ದರೆ ಒಳ್ಳೆಯದೇ ಎಂದರು. ಸೋಮವಾರ ಓದಿದ್ದನ್ನು ಅಂದೇ ಐದು ಸಲ ತಿರುವಿ ಹಾಕಬೇಡ, ಬುಧವಾರ ಒಮ್ಮೆ ನೆನಪು ಮಾಡಿಕೋ, ಮುಂದಿನ ಸೋಮವಾರ ಇನ್ನೊಮ್ಮೆ; ಸ್ವಲ್ಪ ಮರೆಯಲು ಬಿಟ್ಟು ಮತ್ತೆ ಎಳೆದು ತಂದದ್ದೇ ಉಳಿಯುವುದು ಎಂದು ತಿಳಿಸಿಕೊಟ್ಟರು. ಅಲ್ಬೆರ್ಟೆ ಗೋಡೆಗೆ ಒಂದು ಕ್ಯಾಲೆಂಡರ್ ಹಚ್ಚಿದಳು. ಓದುವಾಗ ಫೋನನ್ನು ಕೋಟಿನ ಜೇಬಿಗೆ ಹಾಕಿ ಕೋಟನ್ನು ಹೊರಗಿನ ಕೊಕ್ಕೆಗೆ ನೇತುಹಾಕುತ್ತಿದ್ದಳು. ನವೆಂಬರ್ ಕಳೆಯುವಷ್ಟರಲ್ಲಿ ಖಾಲಿ ಹಾಳೆಯ ಭಯ ಹೋಗಿತ್ತು. ಒಂದು ಬುಧವಾರ ಜೀರ್ಣಾಂಗವ್ಯೂಹವನ್ನು ಬಾಯಿಂದ ಕೊನೆಯವರೆಗೆ ಬರೆದು ಮುಗಿಸಿ, ತನಗೇ ನಂಬಿಕೆಯಾಗದೆ ಎರಡು ಸಲ ಪುಸ್ತಕದೊಂದಿಗೆ ಹೋಲಿಸಿ ನೋಡಿದಳು.

ಆಗಲೇ ಪ್ರೆಬೆನ್‌ನ ತೊಂದರೆ ಹೊರಗೆ ಬಂದದ್ದು. ಜನವರಿಯ ಪರೀಕ್ಷೆ ಬಾಯಿಮಾತಿನದು. ಹಸಿರು ಬಟ್ಟೆ ಹಾಸಿದ ಮೇಜಿನ ಮೇಲಿನಿಂದ ಒಂದು ಚೀಟಿ ಎತ್ತಬೇಕು, ಇಬ್ಬರು ಪರೀಕ್ಷಕರ ಎದುರು ಇಪ್ಪತ್ತು ನಿಮಿಷ ಮಾತಾಡಬೇಕು. ಕಾಗದದ ಮೇಲೆ ಎಲ್ಲ ಬರೆಯುವ ಪ್ರೆಬೆನ್, ಯಾರಾದರೂ ಎದುರು ಕೂತು ಪ್ರಶ್ನೆ ಕೇಳಿದರೆ ಗೊತ್ತಿಲ್ಲ ಅಂದುಬಿಡುತ್ತಿದ್ದ. ಹದಿನಾರನೇ ವಯಸ್ಸಿನಲ್ಲಿ ಶಾಲೆಯ ಬಾಯಿಪರೀಕ್ಷೆಯಲ್ಲಿ ಹೀಗೇ ಎಲ್ಲ ಪ್ರಶ್ನೆಗೂ ಗೊತ್ತಿಲ್ಲ ಎಂದು ಹೇಳಿ ಎದ್ದುಬಂದವನು ಮತ್ತೆ ಶಾಲೆಯ ಕಡೆ ಹೋಗಿರಲಿಲ್ಲ.

"ಇದನ್ನ ನಂಗೆ ಬಿಡಿ," ಎಂದಳು ಅಲ್ಬೆರ್ಟೆ. "ಮಾತಾಡೋ ವಿಷಯದಲ್ಲಿ ನೀವು ಇನ್ನೂ ಸ್ಟೇರಿಂಗ್ ಹಿಡೀದೇನೇ ಪಕ್ಕದಲ್ಲಿ ಕೂತು ದಾರಿ ನೋಡ್ತಿದ್ದೀರಿ."

ಪ್ರತಿ ಗುರುವಾರ ಮೂರು ಗಂಟೆಗೆ ಅವಳು ಒಂದು ಖಾಲಿ ತರಗತಿ ಗೊತ್ತುಮಾಡಿದಳು. ಮೇಜಿನ ಮೇಲೆ ತನ್ನ ಹಸಿರು ಸ್ನಾನದ ಟವೆಲ್ ಹಾಸಿ, ಚೀಟಿಗಳನ್ನು ಹರಡಿ, ಮುಖ ಗಂಟಿಕ್ಕಿಕೊಂಡು ಕೂರುತ್ತಿದ್ದಳು. ಮೊದಲ ದಿನ ಆತ ಎರಡು ನಿಮಿಷಕ್ಕೆ ಎದ್ದುಹೋದ. ಎರಡನೆಯ ವಾರ ಅವಳು ಕೈಗೆ ಸೀಮೆಸುಣ್ಣ ಕೊಟ್ಟು ಬೋರ್ಡಿನ ಮುಂದೆ ನಿಲ್ಲಿಸಿದಳು. ಕೈಗೆ ಕೆಲಸ ಸಿಕ್ಕಿದ ಮೇಲೆ ಬಾಯಿ ಸ್ವಲ್ಪ ಸಡಿಲವಾಯಿತು.

ಮೂರನೆಯ ಗುರುವಾರ ಕ್ಯಾಂಟೀನಿನ ಉಲ್ಲಾ ಕಾಫಿ ಲೋಟ ಒಯ್ಯಲು ಬಂದವಳು ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಸಂಜೆಯ ಹೊತ್ತಿಗೆ ತನ್ನ ಕಾಲು ಯಾಕೆ ಊದಿಕೊಳ್ಳುತ್ತದೆ ಎಂದು ಕೇಳಿದಳು. ಪ್ರೆಬೆನ್ ಒಂದು ಕಾಲಿನ ಚಿತ್ರ ಬರೆದ. ಕಾಲಿನ ರಕ್ತ ಮೇಲಕ್ಕೆ ಹತ್ತಬೇಕು, ಸಿರೆಗಳಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ, ಮೀನಖಂಡ ಬಿಗಿಯಾದಾಗಲೆಲ್ಲ ಪಂಪಿನ ಹಾಗೆ ಮೇಲಕ್ಕೆ ತಳ್ಳುತ್ತದೆ, ನಿಂತಲ್ಲೇ ನಿಂತರೆ ಪಂಪು ನಿಲ್ಲುತ್ತದೆ ಎಂದು ಹೇಳುತ್ತ ಹೋದ. ದಿನಾ ಊದುತ್ತಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸು ಎಂದೂ ಸೇರಿಸಿದ. ಉಲ್ಲಾ ತುದಿಗಾಲಿನಲ್ಲಿ ಏಳುತ್ತ ಇಳಿಯುತ್ತ ಲೋಟಗಳನ್ನು ತೆಗೆದುಕೊಂಡು ಹೋದಳು.

"ಹನ್ನೊಂದು ನಿಮಿಷ ಮಾತಾಡಿದ್ರಿ," ಎಂದಳು ಅಲ್ಬೆರ್ಟೆ.

ಪ್ರೆಬೆನ್ ಕುರ್ಚಿ ಎಳೆದುಕೊಂಡು ಕೂತ. ಕೈಯೆಲ್ಲ ಸುಣ್ಣದ ಪುಡಿ. "ಅವಳಿಗೆ ನಿಜವಾಗ್ಲೂ ಬೇಕಾಗಿತ್ತು ಕಣೆ," ಎಂದ.

ಪರೀಕ್ಷೆಯ ದಿನ ಹಿಮ ಬಿದ್ದಿತ್ತು. ಅಲ್ಬೆರ್ಟೆ ಎತ್ತಿದ ಚೀಟಿಯಲ್ಲಿ ಮೂತ್ರಪಿಂಡ ಬಂತು. ಒಂದು ಕ್ಷಣ ತಲೆ ಖಾಲಿಯಾಯಿತು. ಆದರೆ ಖಾಲಿ ಹಾಳೆಯ ಮುಂದೆ ಎಷ್ಟೋ ದಿನ ಕೂತವಳು ಹೆದರಲಿಲ್ಲ. ಬೋರ್ಡಿನ ಮೇಲೆ ಅವರೆಕಾಳಿನ ಆಕಾರ ಬರೆದಳು, ರಕ್ತನಾಳ ಬರೆದಳು, ಒಂದರ ಹಿಂದೆ ಒಂದು ಬಂತು. ಎರಡು ಕಡೆ ತಡವರಿಸಿದಳು, ಒಂದು ಹೆಸರು ತಪ್ಪಾಯಿತು. ಹೊರಗೆ ಕಾದು ನಿಂತ ಐದು ನಿಮಿಷದ ಮೇಲೆ ಒಳಗೆ ಕರೆದು ಏಳು ಅಂಕ ಎಂದರು. ಅವಳ ಜೀವನದ ಯಾವ ದೊಡ್ಡ ಪರೀಕ್ಷೆಯಲ್ಲೂ ಅಷ್ಟು ಕಡಿಮೆ ಅಂಕ ಬಂದಿರಲಿಲ್ಲ. ಆದರೂ ಕಾರಿಡಾರಿಗೆ ಬರುವಾಗ ಮೈ ಹಗುರಾಗಿತ್ತು, ಹಸಿವಾಗುತ್ತಿತ್ತು.

ಪ್ರೆಬೆನ್‌ಗೆ ಹತ್ತು ಬಂತು. ಹೊರಗೆ ಬಂದು ಎರಡೂ ಕೈಯ ಬೆರಳುಗಳನ್ನು ಬಿಡಿಸಿ ತೋರಿಸಿದ. ಆತನ ಹೆಂಡತಿ ಲಿಸ್ಬೆಟ್ ಕೇಕಿನ ಡಬ್ಬಿ, ಸಂತೋಷದ ದಿನಗಳಲ್ಲಿ ಅಲ್ಲಿನವರು ಇಡುವ ಒಂದು ಪುಟ್ಟ ಕಾಗದದ ಬಾವುಟ ಹಿಡಿದು ಬೆಂಚಿನ ಮೇಲೆ ಕಾಯುತ್ತಿದ್ದಳು. ಗಂಡ ಮನೆಯ ನಾಯಿಯನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳುತ್ತಿದ್ದನೆಂದೂ, ಈಗ ಹೃದಯದ ವಿಷಯ ಬಂದರೆ ಅದು ಎದ್ದುಹೋಗುತ್ತದೆಂದೂ ಅಲ್ಬೆರ್ಟೆಗೆ ಹೇಳಿದಳು. ಕಿಟಕಿಯ ಕಟ್ಟೆಯ ಮೇಲೆ ಬಾವುಟ ನಿಲ್ಲಿಸಿ ಮೂವರೂ ಕೇಕ್ ತಿಂದರು.

ಎರಡನೆಯ ತುಂಡಿಗೆ ಕೈಹಾಕುವಾಗ ಊರಿನಿಂದ ಅಲ್ಬೆರ್ಟೆಯ ಅಜ್ಜಿಯ ಫೋನ್ ಬಂತು.

"ಏಳಾ? ಹನ್ನೆರಡು ಅಲ್ವೇನೇ?"

"ಅಲ್ಲ ಅಜ್ಜಿ, ಏಳೇ. ಆದ್ರೆ ಎಲ್ಲ ನಂಗೆ ಬರುತ್ತೆ."

ಏನು ಬರುತ್ತದೆ, ಹೇಳು ನೋಡೋಣ ಎಂದರು ಅಜ್ಜಿ. ಮೂತ್ರಪಿಂಡ ದಿನವಿಡೀ ರಕ್ತವನ್ನು ಹೇಗೆ ಸೋಸುತ್ತದೆ, ಬೇಕಾದದ್ದನ್ನು ಹೇಗೆ ವಾಪಸ್ ಎತ್ತಿಕೊಳ್ಳುತ್ತದೆ ಎಂದು ಅಲ್ಬೆರ್ಟೆ ಮೊದಲಿಂದ ಹೇಳಲು ಶುರುಮಾಡಿದಳು. ಮಾತಾಡುವಾಗ ಅವಳಿಗೆ ಎರಡೂ ಕೈ ಬೇಕಾಗುತ್ತಿತ್ತು. ಪ್ರೆಬೆನ್ ಅವಳ ತಟ್ಟೆ ಇಸಿದುಕೊಂಡ. ಲಿಸ್ಬೆಟ್ ಅವಳ ಕಿವಿಗೆ ಫೋನ್ ಹಿಡಿದುಕೊಂಡಳು.