ಮಖಮಲ್ಲಿನ ಮೇಲೆ ಕತ್ತರಿ ಬೀಳುವ ಮುನ್ನ

ಎಲ್ಲಿಂದ ಶುರು ಮಾಡೋಣ, ಹೇಳಿ. ‘ಒಂದಾನೊಂದು ಊರಿನಲ್ಲಿ ಒಬ್ಬ ಟೈಲರ್’ ಅಂತ ಬರೆದೆ, ಹೊಡೆದುಹಾಕಿದೆ. ‘ತಾಳ್ಮೆ ಎಂಬುದು ದೊಡ್ಡ ಗುಣ’ ಅಂತ ಬರೆದೆ, ನನಗೇ ಆಕಳಿಕೆ ಬಂತು. (ನಿಮಗೂ ಬಂತು, ನೋಡಿದೆ.)

೧. ಹೀಗಿಡೋಣ. ಟೈಲರ್ ಮಾಸ್ಟರು ಒಳ್ಳೆಯವರು, ಬಾಯಿ ಮಾತ್ರ ಕೆಟ್ಟದ್ದು. ಇನ್ನೊಬ್ಬರು ಬಟ್ಟೆ ಕತ್ತರಿಸುವುದನ್ನು ನೋಡಿಕೊಂಡು ಸುಮ್ಮನಿರುವುದು ಅವರ ಹಣೆಯಲ್ಲೇ ಬರೆದಿಲ್ಲ. “ಅಯ್ಯೋ, ಹಾಗಲ್ಲ, ಕೊಡಿಲ್ಲಿ!” ಅನ್ನುತ್ತಾ ಕತ್ತರಿ ಕಿತ್ತುಕೊಳ್ಳುವರು. ಈ ಚಾಳಿಗೆ ರೋಸಿ ಕೆಲಸದವರೆಲ್ಲ ಅಂಗಡಿ ಬಿಟ್ಟರು. ಹೆಂಡತಿ ಬಿಡಲಿಲ್ಲ, ಗುಂಡಿ ಹಚ್ಚುತ್ತಾ, ಅಂಚು ಮಡಚುತ್ತಾ ಕೂದಲು ನರೆಸಿಕೊಂಡಳು.

ಇವತ್ತು ಒಬ್ಬ ಗಾಯಕಿಯ ನಿಲುವಂಗಿಗೆಂದು ಬಂದ ಮಖಮಲ್ಲನ್ನು ಮೇಜಿನ ಮೇಲೆ ಹರಡಿ, ಮಾಸ್ಟರು ತಾವಾಗಿಯೇ ಕತ್ತರಿಯನ್ನು ಹೆಂಡತಿಯ ಕೈಗಿಟ್ಟರು.

“ಇದನ್ನ ನೀನೇ ಮಾಡು.”

“ಮಧ್ಯೆ ಬಾಯಿ ಹಾಕಬಾರದು ಮತ್ತೆ. ಇವತ್ತೂ ಕಿತ್ಕೊಂಡ್ರೆ ಈ ಜನ್ಮದಲ್ಲಿ ನಾನು ಕತ್ತರಿ ಮುಟ್ಟಲ್ಲ, ಹೇಳಿದೀನಿ.”

“ಆಯ್ತಮ್ಮಾ, ಆಯ್ತು.” ಮಾಸ್ಟರು ನಾಲ್ಕಾರು ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡರು. ಬಾಯಿಗೆ ಅದೇ ಬೀಗ.

೨. ಮಖಮಲ್ಲಿನ ವಿಚಾರ ನಿಮಗೆ ಗೊತ್ತಿರಲಿ. ಮೇಲಿಂದ ಕೆಳಕ್ಕೆ ಸವರಿದರೆ ಒಂದು ಬಣ್ಣ, ಕೆಳಗಿಂದ ಮೇಲಕ್ಕೆ ಸವರಿದರೆ ಇನ್ನೊಂದು. ಒಂದು ತುಂಡು ತಲೆಕೆಳಗಾದರೂ ಅಂಗಿ ಎರಡು ಬಣ್ಣ. ಗಾಯಕಿ ತಂದಿದ್ದು ಇಷ್ಟೇ ಬಟ್ಟೆ, ಮತ್ತೆ ಸಿಗುವಂಥದ್ದಲ್ಲ. ಹೆಂಡತಿ ಬೆನ್ನಿನ ತುಂಡು ಕತ್ತರಿಸಿದಳು, ಸರಿ. ಎದೆ, ಅದೂ ಸರಿ. ತೋಳಿನ ಕಾಗದದ ಅಚ್ಚನ್ನು ಮಾತ್ರ ತಲೆಕೆಳಗಾಗಿ ಇಟ್ಟಳು. ಸಾದಾ ಬಟ್ಟೆಯಲ್ಲಿ ಹಾಗಿಟ್ಟರೆ ಬಟ್ಟೆ ಉಳಿಯುತ್ತದೆ. ನೋಡಿ ನೋಡಿ ಬಂದ ಅಭ್ಯಾಸ. ಮಾಸ್ಟರ ಕಣ್ಣುಗುಡ್ಡೆ ಆಚೆ ಬಂತು.

೩. (ರದ್ದಾದ ಕರಡು: ಮಾಸ್ಟರು ಕೂಗಿದರು. ಆಕೆ ಕತ್ತರಿ ಕೆಳಗಿಟ್ಟು ಗುಂಡಿ ಡಬ್ಬಿ ತೆಗೆದುಕೊಂಡಳು. ಛೇ, ಬೇಡ.)

(ಇನ್ನೊಂದು ಕರಡು: ಮಖಮಲ್ಲು ಹಾಳಾಯಿತು. ‘ಬಟ್ಟೆ ಹೋದರೆ ಹೋಗಲಿ’ ಎಂದು ಮಾಸ್ಟರು ಆಕೆಯ ಕೈ ಹಿಡಿದರು. ಬರೆಯುತ್ತಾ ನನ್ನ ಕಣ್ಣೇ ಒದ್ದೆ.)

ಮಾಸ್ಟರು ಸೂಜಿಗಳನ್ನು ಅಂಗೈಗೆ ಉಗುಳಿ, ಪಿಸುದನಿಯಲ್ಲೇ ನನ್ನ ಮೇಲೆ ಹರಿಹಾಯ್ದರು. “ಏನ್ರೀ ಕಥೆಗಾರ್ರೇ, ನಿಮ್ಮ ಕಣ್ಣೀರಿಗೋಸ್ಕರ ಗಿರಾಕಿ ಬಟ್ಟೆ ಹಾಳ್ಮಾಡ್ತೀರಾ?”

“ಹಾಗಾದ್ರೆ ಹೇಳಿಬಿಡಿ ಅವರಿಗೆ!”

“ಹೇಳಲ್ಲ.”

“ಬಟ್ಟೆ ಹೋಗುತ್ತೆ, ಸ್ವಾಮಿ.”

“ಹೋದ್ರೆ ಗಾಯಕಿ ಕಾಲಿಗೆ ನಾನು ಬೀಳ್ತೀನಿ. ಅವಳ ಕೈ ಮೇಲೆ ನಂಗೆ ನಂಬಿಕೆ ಇದೆ. ನೀವೂ ಸ್ವಲ್ಪ ಬಾಯ್ಮುಚ್ಕೊಂಡಿರಿ.”

ನನಗೆ ಅವಮಾನವಾಯಿತು. ಆದರೂ ಪೆನ್ನು ಕೆಳಗಿಟ್ಟೆ. (ಹಾಗಾದರೆ ಮುಂದಿನದನ್ನು ಬರೆದವರು ಯಾರು? ಕೇಳಬೇಡಿ.)

೫. (ನಾಲ್ಕರಲ್ಲಿ ಉಪದೇಶವಿತ್ತು, ಹರಿದುಹಾಕಿದೆ.) ಕತ್ತರಿ ಬಾಯಿ ತೆರೆಯಿತು. ಮಾಸ್ಟರ ಬಲಗೈ ತಾನಾಗಿ ಮುಂದೆ ಹೋಯಿತು. ಎಡಗೈಯಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡರು. ಕತ್ತಿನಿಂದ ಬೆವರಿಳಿಯಿತು. ಅಷ್ಟರಲ್ಲಿ ಆಕೆಯೇ ಕತ್ತರಿ ನಿಲ್ಲಿಸಿದಳು. ಬಟ್ಟೆಯನ್ನು ಅಂಗೈಯಿಂದ ಸವರಿದಳು, ಕೆಳಕ್ಕೆ, ಮತ್ತೆ ಮೇಲಕ್ಕೆ. “ಅಯ್ಯೋ, ನನ್ ಬುದ್ಧಿಗಿಷ್ಟು!” ಅಂದವಳೇ ಅಚ್ಚನ್ನು ತಿರುಗಿಸಿಟ್ಟು ಕರಕರನೆ ಕತ್ತರಿಸಿಬಿಟ್ಟಳು. ಭಲೇ!

ಆಮೇಲೆ ಗಂಡನ ಮುಖ ನೋಡಿದಳು. “ನೀವು ನೋಡಿದ್ರಿ ತಾನೇ?”

“ನೋಡಿದೆ.”

“ನನಗಿಂತ ಮೊದಲೇ?”

“ಮೊದಲೇ.”

“ಆದ್ರೂ ಸುಮ್ನಿದ್ರಾ!”

ಆಕೆಯ ಕಣ್ಣು ತುಂಬಿತು. ಮರುಕ್ಷಣವೇ ಪಕ್ಕದಂಗಡಿಯವರು ಇಣುಕಿ ನೋಡುವಷ್ಟು ಜೋರಾಗಿ ನಕ್ಕಳು. ಮಾಸ್ಟರಿಗೆ ರಾಜ್ಯ ಗೆದ್ದಷ್ಟು ಖುಷಿ. ಇಷ್ಟು ವರ್ಷದಲ್ಲಿ ಎಂಥೆಂಥ ಕೋಟು ಹೊಲಿದಿದ್ದರು, ಇಂಥ ಹೆಮ್ಮೆ ಯಾವುದರಲ್ಲೂ ಸಿಕ್ಕಿರಲಿಲ್ಲ.

ಕೊನೆ. ಅಂಗಿ ಗಾಯಕಿಗೆ ಸರಿಹೋಯಿತೇ? ಸಭೆಯಲ್ಲಿ ಎಲ್ಲರೂ ಹೊಗಳಿದರು ಅಂತ ಬರೆಯಲೇ, ಕಾಲರ್ ಚೂರು ಬಿಗಿಯಾಯಿತು ಅಂತ ಬರೆಯಲೇ? ಪೆನ್ನು ಹಿಡಿದು ಮೇಜಿನ ಮೇಲೆ ಬಗ್ಗಿದೆ. ಮಾಸ್ಟರೂ ಬಗ್ಗಿದರು.

ಆಕೆ ತಲೆಯೆತ್ತದೆ ಅಂದಳು, “ಬಟ್ಟೆ ಮೇಲೆ ನೆರಳು ಬೀಳ್ತಿದೆ. ಇಬ್ರೂ ಆಚೆ ನಿಂತ್ಕೊಳ್ಳಿ.”

ಮಾಸ್ಟರು ಬೀಗುತ್ತಾ ಸರಿದರು. ನಾನೂ ಸರಿದೆ.