ಲಿನ್ ಸಾನ್ ತಂದ ಪುಡಿ

"ಇನ್ನೂ ನಿಂತಿಲ್ವಾ?" ಫೋನಿನಲ್ಲಿ ಗಂಡ ಶ್ರೀಹರಿಯ ದನಿ ನಡುಗುತ್ತಿತ್ತು.

"ಜಾಸ್ತಿ ಆಗ್ತಿದೆ ಶ್ರೀ," ಎಂದಳು ಪ್ರಣತಿ. ಬಚ್ಚಲಿನ ಬಾಗಿಲಿಗೆ ಒರಗಿ ನೆಲದ ಮೇಲೇ ಕೂತಿದ್ದಳು. ಅವಳಿಗೆ ಮೂರನೆಯ ತಿಂಗಳು. ರಕ್ತ ಹೋಗುತ್ತಿದೆಯೆಂದು ಬೆಳಿಗ್ಗೆ ಹೋದಾಗ ಆಸ್ಪತ್ರೆಯವರು ನೋಡಿ, ಮಗುವಿನ ಎದೆಬಡಿತ ಇದೆ, ಮಲಗಿರುವುದೊಂದೇ ದಾರಿ, ಕೊರೊನಾ ಕಾಲದಲ್ಲಿ ಮತ್ತೆ ಮತ್ತೆ ಬರಬೇಡಿ ಎಂದು ಕಳಿಸಿದ್ದರು. ತಮ್ಮನ ಮದುವೆಗೆಂದು ಮೈಸೂರಿಗೆ ಹೋದ ಶ್ರೀಹರಿ ಅಲ್ಲೇ ಸಿಕ್ಕಿಬಿದ್ದಿದ್ದ. ಅತ್ತ ವಿಮಾನಗಳು ನಿಂತಿದ್ದವು, ಇತ್ತ ಜಪಾನ್ ಬಾಗಿಲು ಹಾಕಿಕೊಂಡಿತ್ತು. ಟೋಕಿಯೊ ಪಕ್ಕದ ವಾಕೋ ಊರಿನ ಮನೆಯಲ್ಲಿ ಅವಳೊಬ್ಬಳೇ.

ಬಸುರಿನ ಸುದ್ದಿಯನ್ನು ತಾನು ಕೆಲಸ ಮಾಡುವ ಲ್ಯಾಬಿನಲ್ಲಿ ಯಾರಿಗೂ ಹೇಳಿರಲಿಲ್ಲ. ರಜೆ ಕೇಳಲು, ಜಪಾನೀ ರೂಢಿಯಂತೆ ಎಲ್ಲರೂ ಲಿನ್ ಸಾನ್ ಎಂದು ಕರೆಯುವ ಚೀನೀ ಸಹೋದ್ಯೋಗಿ ಲಿನ್‌ಗೆ ಫೋನ್ ಮಾಡಿದಾಗ "ಬ್ಲೀಡಿಂಗ್ ತುಂಬಾ ಇದೆ" ಎಂದಷ್ಟೇ ಅಂದಿದ್ದಳು. ಲಿನ್ ಅದನ್ನು ತಿಂಗಳ ಮುಟ್ಟೆಂದುಕೊಂಡಳು. ಮಧ್ಯಾಹ್ನ ಸೈಕಲ್ಲಿನಲ್ಲಿ ಬಂದು, ಬಾಗಿಲ ಹಿಡಿಗೆ ಚೀಲ ನೇತುಹಾಕಿ, ದೂರ ನಿಂತು ಮಾಸ್ಕಿನೊಳಗಿಂದಲೇ ಕೂಗಿ ಹೇಳಿದಳು: ಸಾನ್‌ಚಿ ಬೇರಿನ ಪುಡಿ, ಯುನ್ನಾನಿನಿಂದ ಅಪ್ಪ ಕಳಿಸಿದ್ದು, ಎಂಥ ರಕ್ತವೂ ನಿಲ್ಲುತ್ತದೆ.

"ಆ ಪುಡೀನ ಕುಡಿದ್ಬಿಡು, ಪ್ಲೀಸ್," ಎಂದ ಶ್ರೀಹರಿ ಫೋನಿನಲ್ಲಿ. "ಎಷ್ಟೋ ಕಾಲದಿಂದ ಅವ್ರು ತಗೊಳ್ತಿರೋ ಔಷಧಿ. ಇನ್ನೇನ್ ಮಾಡೋದು ಹೇಳು? ನಾನಿಲ್ಲಿ ಕೈ ಕಟ್ಕೊಂಡ್ ಕೂತಿದೀನಿ."

ಲ್ಯಾಬಿನಲ್ಲಾಗಿದ್ದರೆ ಏನೆಂದು ತಿಳಿಯದೆ ಯಾವ ಪುಡಿಯನ್ನೂ ಮುಟ್ಟುವವಳಲ್ಲ. ಆದರೆ ಕಿಬ್ಬೊಟ್ಟೆಯನ್ನು ಮತ್ತೆ ಯಾರೋ ಹಿಂಡಿದಂತಾಯಿತು. ಫೋನ್ ಇಟ್ಟು ನೀರು ಕಾಯಿಸಿ ಪುಡಿ ಕದಡಿದಳು. ಮಣ್ಣಿನ ವಾಸನೆಯ ಆ ಕಹಿಯನ್ನು ಕಣ್ಣು ಮುಚ್ಚಿ ಕುಡಿದಳು. "ನಿಲ್ಲು, ಕಂದಾ," ಎಂದಳು. ರಕ್ತಕ್ಕೆ ಹೇಳಿದಳೋ ಮಗುವಿಗೋ ಅವಳಿಗೇ ತಿಳಿಯಲಿಲ್ಲ.

ಆಮೇಲೆ ಲಿನ್‌ಗೆ ಫೋನ್ ಮಾಡಿ, ಅಳುತ್ತಾ, ಮಗುವಿನ ವಿಷಯ ಹೇಳಿಬಿಟ್ಟಳು. ಲಿನ್ ಚೀರಿಕೊಂಡಳು:

"ಮೊದಲೇ ಯಾಕೆ ಹೇಳಲಿಲ್ಲ? ಬಸುರಿಯರು ಅದನ್ನ ಮುಟ್ಟಬಾರದು! ಕುಡಿದಿಲ್ಲ ತಾನೇ?"

"ಕುಡಿದೆ," ಎಂದಳು ಪ್ರಣತಿ.

ಲಿನ್ ಟ್ಯಾಕ್ಸಿ ತಂದಳು. ಆಸ್ಪತ್ರೆಯವರು ಲಿನ್‌ಳನ್ನು ಒಳಗೆ ಬಿಡಲಿಲ್ಲ, ಪ್ರಣತಿ ಒಬ್ಬಳೇ ಹೋದಳು. ಸ್ಕ್ಯಾನಿನ ಪರದೆಯ ಮೇಲೆ ಬೆಳಿಗ್ಗೆ ಮಿಡಿಯುತ್ತಿದ್ದದ್ದು ಈಗ ಸುಮ್ಮನಾಗಿತ್ತು. ವೈದ್ಯೆ ತಲೆಬಾಗಿ, ಮೊದಲ ತಿಂಗಳುಗಳಲ್ಲಿ ಹೀಗಾಗುವುದುಂಟು, ಯಾರ ತಪ್ಪೂ ಅಲ್ಲ ಎಂದರು. ಪುಡಿಯ ವಿಷಯ ಕೇಳಲು ಪ್ರಣತಿಗೆ ಬಾಯಿ ಬರಲಿಲ್ಲ.

ಮರುದಿನ ಫೋನಿನಲ್ಲಿ ಶ್ರೀಹರಿ ಬಿಕ್ಕುತ್ತಾ ಕೇಳಿದ. "ನೆಟ್‌ನಲ್ಲಿ ಓದ್ದೆ ಪ್ರಣತಿ. ಪ್ರೆಗ್ನೆಂಟ್ ಇರೋರಿಗೆ ಅದು ಕೊಡಬಾರ್ದಂತೆ. ನಾನೇ ಕುಡಿ ಅಂದೆ. ಕುಡಿದ್ಯಾ?"

"ಇಲ್ಲ ಶ್ರೀ. ವಾಸನೆ ಹಿಡಿಸ್ಲಿಲ್ಲ, ಸಿಂಕಿಗೆ ಚೆಲ್ಲಿಬಿಟ್ಟೆ."

"ನಿಜ ತಾನೇ?"

"ನಿಜ."

ಅವನು ಉಸಿರುಬಿಟ್ಟದ್ದು ಅಷ್ಟು ದೂರದಿಂದಲೂ ಕೇಳಿಸಿತು. ಫೋನ್ ಇಟ್ಟು ಬಾಲ್ಕನಿಗೆ ಬಂದಳು. ಆಟ ಮುಗಿಸಿ ಮನೆಗೆ ಹೋಗಿರೆಂದು ಮಕ್ಕಳಿಗೆ ಹೇಳುವ ಸಂಜೆಯ ರಾಗ ಬೀದಿಯ ಧ್ವನಿವರ್ಧಕದಿಂದ ತೇಲಿಬರುತ್ತಿತ್ತು. ಕೆಳಗಿನ ಪಾರ್ಕಿನಲ್ಲಿ ಜಾರುಬಂಡಿಗೆ ಹಳದಿ ಟೇಪು ಸುತ್ತಿತ್ತು. ಒಂದು ಮಗುವೂ ಇರಲಿಲ್ಲ. ರಾಗ ಮುಗಿಯುವವರೆಗೂ ಅವಳು ಅಲ್ಲೇ ನಿಂತಿದ್ದಳು.